ಹಳೆಯ ಸೈನ್ಸ್ ಕೋರ್ಸುಗಳು ಅಮೆರಿಕದ ಡೆಂಟಲ್ ಸ್ಕೂಲಿಗೆ ನಡೆಯುತ್ತವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಮುಗಿಸಿ, ಕೆಲಸ, ಮದುವೆ, ಮಕ್ಕಳು ಎಂದು ವರ್ಷಗಳು ಉರುಳಿದ ಮೇಲೆ ಅಮೆರಿಕದಲ್ಲಿ ದಂತವೈದ್ಯರಾಗಲು ಹೊರಡುವವರು ಕೇಳುವ ಪ್ರಶ್ನೆಗಳು ಇವು. ಉತ್ತರಗಳು ಅಲ್ಲಿನ ನಾಲ್ಕು ವರ್ಷದ ಡಿಡಿಎಸ್ ಮತ್ತು ಡಿಎಂಡಿ ಕೋರ್ಸುಗಳಿಗೆ ಸಂಬಂಧಿಸಿದವು. ಎರಡೂ ಒಂದೇ ಪದವಿ, ಹೆಸರು ಮಾತ್ರ ಬೇರೆ. ಕರ್ನಾಟಕದಲ್ಲಿ ಬಿಎಸ್‌ಸಿ ಅಥವಾ ಬಿಡಿಎಸ್ ಮಾಡಿ ಹೋದವರ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

## ಮೊದಲು ತಿಳಿಯಬೇಕಾದದ್ದು

ಪ್ರಿರಿಕ್ವಿಸಿಟ್ ಎಂದರೆ ಯಾವ್ಯಾವ ಕೋರ್ಸು? ಎಷ್ಟು ಕ್ರೆಡಿಟ್ ಬೇಕು?

ಡೆಂಟಲ್ ಸ್ಕೂಲ್ ಸೇರುವ ಮುಂಚೆ ಕಾಲೇಜು ಮಟ್ಟದಲ್ಲಿ ಮುಗಿಸಿರಬೇಕಾದ ಕೋರ್ಸುಗಳು. ಹೆಚ್ಚಿನ ಕಡೆ ಕಾಣುವ ಪಟ್ಟಿ ಹೀಗಿದೆ: ಬಯಾಲಜಿ 8 ಸೆಮಿಸ್ಟರ್ ಕ್ರೆಡಿಟ್, ಜನರಲ್ ಕೆಮಿಸ್ಟ್ರಿ 8, ಆರ್ಗ್ಯಾನಿಕ್ ಕೆಮಿಸ್ಟ್ರಿ 8, ಫಿಸಿಕ್ಸ್ 8, ಇವೆಲ್ಲ ಲ್ಯಾಬ್ ಸಮೇತ. ಜತೆಗೆ ಬಯೋಕೆಮಿಸ್ಟ್ರಿ 3 ಕ್ರೆಡಿಟ್ ಮತ್ತು ಇಂಗ್ಲಿಷ್. ಮೈಕ್ರೋಬಯಾಲಜಿ, ಅನಾಟಮಿ, ಫಿಸಿಯಾಲಜಿ, ಸ್ಟ್ಯಾಟಿಸ್ಟಿಕ್ಸ್‌ಗಳನ್ನು ಕೆಲವು ಕಡೆ ಕಡ್ಡಾಯ ಮಾಡಿದ್ದಾರೆ, ಕೆಲವು ಕಡೆ ‘ಇದ್ದರೆ ಒಳ್ಳೆಯದು’ ಅನ್ನುತ್ತಾರೆ. ನಿಮ್ಮದು ಕ್ವಾರ್ಟರ್ ಪದ್ಧತಿಯ ಕಾಲೇಜಾಗಿದ್ದರೆ 12 ಕ್ವಾರ್ಟರ್ ಕ್ರೆಡಿಟ್‌ಗೆ 8 ಸೆಮಿಸ್ಟರ್ ಕ್ರೆಡಿಟ್ ಎಂದು ಲೆಕ್ಕ. ಮೂರು ಕ್ವಾರ್ಟರಿನ ಆರ್ಗ್ಯಾನಿಕ್ ಸರಣಿಯಲ್ಲಿ ಎರಡನ್ನೇ ಮಾಡಿ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಬಹುಪಾಲು ಕಡೆ ಕನಿಷ್ಠ ಗ್ರೇಡ್ ಸಿ. ಸಿ ಮೈನಸ್ ಬಂದಿದ್ದರೆ ಆ ಕೋರ್ಸು ಹಳೆಯದೋ ಹೊಸದೋ ಎಂಬ ಚರ್ಚೆಗೇ ಎಡೆಯಿಲ್ಲ, ಮತ್ತೆ ಮಾಡಲೇಬೇಕು.

ನನ್ನ ಕೆಮಿಸ್ಟ್ರಿ, ಬಯಾಲಜಿ ಎಲ್ಲಾ 2013-14ರದು. ಎಕ್ಸ್‌ಪೈರ್ ಆಗಿಬಿಟ್ಟಿದೆಯಾ?

ದೇಶಕ್ಕೆಲ್ಲ ಅನ್ವಯಿಸುವ ಒಂದು ಗಡುವು ಇಲ್ಲ. ಅಮೆರಿಕದಲ್ಲಿ 70ಕ್ಕೂ ಹೆಚ್ಚು ಡೆಂಟಲ್ ಸ್ಕೂಲುಗಳಿವೆ, ಒಂದೊಂದರದ್ದೂ ಅದರದೇ ನಿಯಮ. ಮೂರು ಬಗೆ ಕಾಣುತ್ತವೆ. ಕೆಲವು ಸ್ಕೂಲುಗಳಲ್ಲಿ ಗಡುವೇ ಇಲ್ಲ. ಕೆಲವು ಐದು, ಏಳು ಅಥವಾ ಹತ್ತು ವರ್ಷ ಎಂದು ಬರೆದೇ ಇಟ್ಟಿವೆ. ಉಳಿದವು ‘ಇತ್ತೀಚಿನ ಕೋರ್ಸುಗಳಿಗೆ ಆದ್ಯತೆ’ ಎಂಬ ಮಾತು ಹೇಳಿ ಸುಮ್ಮನಾಗುತ್ತವೆ. ಈ ಮೂರನೆಯ ಬಗೆಯೇ ತಲೆನೋವು. ಅಲ್ಲಿ ಹಳೆಯ ಕೋರ್ಸು ಪಟ್ಟಿಯ ಚೌಕ ತುಂಬುತ್ತದೆ, ಆದರೆ ನಿಮ್ಮ ಅರ್ಜಿಯನ್ನು ಮೇಲೆ ಎತ್ತುವುದಿಲ್ಲ.

ಒಂದು ಸಂಗತಿ ಗಮನಿಸಿ. ಆಡ್ಸಾಸ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆ ಯಾವ ಕೋರ್ಸನ್ನೂ ‘ಹಳೆಯದು’ ಎಂದು ತಿರಸ್ಕರಿಸುವುದಿಲ್ಲ. 1995ರ ಕೋರ್ಸಾದರೂ ಅಲ್ಲಿ ನಮೂದಾಗುತ್ತದೆ, ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುತ್ತದೆ. ಅದು ಸಾಕೋ ಬೇಡವೋ ಎಂದು ತೀರ್ಮಾನಿಸುವುದು ಆಯಾ ಸ್ಕೂಲು. ಆಡ್ಸಾಸ್ ನನ್ನ ಕೋರ್ಸನ್ನು ಒಪ್ಪಿತು, ಹಾಗಾಗಿ ಸ್ಕೂಲೂ ಒಪ್ಪುತ್ತದೆ ಎಂಬ ನಂಬಿಕೆ ಬೇಡ.

ಹತ್ತು ವರ್ಷ ಅಂದರೆ ಯಾವತ್ತಿನಿಂದ ಯಾವತ್ತಿನವರೆಗೆ?

ಗಡುವಿಗಿಂತ ಈ ಪ್ರಶ್ನೆಯೇ ಹೆಚ್ಚು ಜನರನ್ನು ಕೆಡವಿದೆ. ಕೋರ್ಸು 2017ರ ಮೇ ತಿಂಗಳಲ್ಲಿ ಮುಗಿದಿದೆ ಎಂದಿಟ್ಟುಕೊಳ್ಳಿ. ನೀವು 2026ರ ಜೂನ್‌ನಲ್ಲಿ ಅರ್ಜಿ ಹಾಕುತ್ತೀರಿ, ಆಯ್ಕೆಯಾದರೆ ತರಗತಿ ಶುರುವಾಗುವುದು 2027ರ ಆಗಸ್ಟ್‌ನಲ್ಲಿ. ಅರ್ಜಿಯ ದಿನಕ್ಕೆ ಎಣಿಸಿದರೆ ಒಂಬತ್ತು ವರ್ಷ, ಒಂದು ತಿಂಗಳು; ಒಳಗಿದ್ದೀರಿ. ತರಗತಿಯ ಮೊದಲ ದಿನಕ್ಕೆ ಎಣಿಸಿದರೆ ಹತ್ತು ವರ್ಷ, ಮೂರು ತಿಂಗಳು; ಹೊರಗಿದ್ದೀರಿ. ಎರಡೂ ರೀತಿ ಎಣಿಸುವ ಸ್ಕೂಲುಗಳಿವೆ. ಎರಡು ಸೆಮಿಸ್ಟರಿನ ಸರಣಿಯಲ್ಲಿ ಮೊದಲರ್ಧ ಗಡುವು ದಾಟಿ, ಎರಡನೆಯರ್ಧ ಒಳಗೆ ಉಳಿಯುವುದೂ ಉಂಟು. ಹಾಗಾಗಿ ‘ನಿಮ್ಮ ಗಡುವು ಎಷ್ಟು ವರ್ಷ’ ಎಂದಷ್ಟೇ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ‘ಯಾವ ದಿನಾಂಕಕ್ಕೆ ಎಣಿಸುತ್ತೀರಿ’ ಎಂಬುದನ್ನೂ ಕೇಳಿ.

ಫಿಸಿಕ್ಸ್ ಏನೂ ಬದಲಾಗಿಲ್ಲವಲ್ಲ! ಹಳೆಯದಾದರೆ ಇವರಿಗೇನು ಕಷ್ಟ?

ಫಿಸಿಕ್ಸ್ ಮಟ್ಟಿಗೆ ನಿಮ್ಮ ಮಾತು ನಿಜ. ಹಲವು ಸ್ಕೂಲುಗಳು ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದೂ ಅದಕ್ಕೇ. ಅವರ ಚಿಂತೆ ಬೇರೆ. ಡೆಂಟಲ್ ಮೊದಲ ವರ್ಷದಲ್ಲಿ ಅನಾಟಮಿ, ಹಿಸ್ಟಾಲಜಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಜತೆಗೆ ಮೇಣದಲ್ಲಿ ಹಲ್ಲು ಕೆತ್ತುವ ಕೈಕೆಲಸ ಬೇರೆ. ಹತ್ತು ವರ್ಷ ಪರೀಕ್ಷೆಗೆ ಕೂರದವರು ಆ ವೇಗಕ್ಕೆ ಹೊಂದಿಕೊಳ್ಳುತ್ತಾರಾ ಎಂಬ ಅನುಮಾನ ಅವರದು. ಮಾಲಿಕ್ಯುಲರ್ ಬಯಾಲಜಿ, ಜೆನೆಟಿಕ್ಸ್, ಇಮ್ಯುನಾಲಜಿಗಳಲ್ಲಿ ಪಠ್ಯವೂ ನಿಜಕ್ಕೂ ಬದಲಾಗಿದೆ. ಆದ್ದರಿಂದ ಹಳೆಯದಾದರೆ ಮೊದಲು ಬೆಲೆ ಕಳೆದುಕೊಳ್ಳುವುದು ಬಯಾಲಜಿ ಮತ್ತು ಬಯೋಕೆಮಿಸ್ಟ್ರಿ, ಕೊನೆಗೆ ಫಿಸಿಕ್ಸ್ ಮತ್ತು ಇಂಗ್ಲಿಷ್.

ಅಡ್ಮಿಷನ್ಸ್ ಆಫೀಸಿಗೆ ಮೇಲ್ ಹಾಕಿದರೆ ‘ವೆಬ್‌ಸೈಟ್ ನೋಡಿ’ ಅಂತ ಉತ್ತರ ಬರುತ್ತೆ. ಹೇಗೆ ಕೇಳಬೇಕು?

ಪ್ರಶ್ನೆ ಮಸುಕಾಗಿದ್ದರೆ ಉತ್ತರವೂ ಮಸುಕಾಗಿಯೇ ಬರುತ್ತದೆ. ಮೇಲ್‌ನಲ್ಲಿ ಪ್ರತಿ ಕೋರ್ಸಿಗೂ ಒಂದು ಸಾಲು ಕೊಡಿ: ಕಾಲೇಜು, ಕೋರ್ಸ್ ನಂಬರು, ಹೆಸರು, ಕ್ರೆಡಿಟ್, ಲ್ಯಾಬ್ ಇತ್ತೋ ಇಲ್ಲವೋ, ಮುಗಿದ ಸೆಮಿಸ್ಟರ್, ಗ್ರೇಡ್. ಆಮೇಲೆ ಹೌದು ಅಥವಾ ಅಲ್ಲ ಎನ್ನಬಹುದಾದ ಪ್ರಶ್ನೆಗಳು: ಈ ಕೋರ್ಸುಗಳು ಈ ಸಾಲಿನ ಅರ್ಜಿಗೆ ನಡೆಯುತ್ತವೆಯೇ, ನಡೆಯದಿದ್ದರೆ ಮೇಲಿನ ಹಂತದ ಇಂಥ ಕೋರ್ಸು ಅದರ ಜಾಗ ತುಂಬುತ್ತದೆಯೇ, ಎರಡು ವರ್ಷದ ಸ್ಥಳೀಯ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದರೆ ಆಗುತ್ತದೆಯೇ. ಅರ್ಜಿಯ ಸಾಲನ್ನು, ಅಂದರೆ 2026-27 ಅಥವಾ 2027-28 ಎಂದು, ಸ್ಪಷ್ಟವಾಗಿ ಬರೆಯಿರಿ. ನಿಯಮಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ.

ಫೋನಿನಲ್ಲಿ ‘ಪರವಾಗಿಲ್ಲ ಬನ್ನಿ’ ಎಂದವರ ಮಾತಿಗೆ ದಾಖಲೆ ಇರುವುದಿಲ್ಲ. ಬರವಣಿಗೆಯಲ್ಲಿ ಬಂದ ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ವಿಚಾರಿಸಲು ಒಳ್ಳೆಯ ಸಮಯ ಜನವರಿಯಿಂದ ಏಪ್ರಿಲ್. ಜೂನ್‌ನಲ್ಲಿ ಅರ್ಜಿಗಳು ರಾಶಿ ಬೀಳುತ್ತವೆ, ಯಾರಿಗೂ ಪುರುಸೊತ್ತಿರುವುದಿಲ್ಲ.

## ಮತ್ತೆ ಓದುವುದು: ಏನು, ಎಲ್ಲಿ, ಎಷ್ಟು

ಎಲ್ಲವನ್ನೂ ಮೊದಲಿನಿಂದ ಮಾಡಲೇಬೇಕಾ? ಅಥವಾ ಮೇಲಿನ ಹಂತದ್ದು ಒಂದೆರಡು ಮಾಡಿದರೆ ಸಾಕಾ?

ಎಲ್ಲವನ್ನೂ ಮತ್ತೆ ಮಾಡುವುದು ಬಹುತೇಕ ಯಾವಾಗಲೂ ದುಡ್ಡಿನ ದಂಡ. ಹಿಂದೆ ಎ ಬಂದಿದ್ದ ಬಯಾಲಜಿಯನ್ನು ಮತ್ತೆ ಮಾಡಿ ಮತ್ತೆ ಎ ತೆಗೆದರೆ ಆಯ್ಕೆ ಸಮಿತಿಗೆ ಹೊಸದೇನೂ ತಿಳಿಯುವುದಿಲ್ಲ. ಅದೇ ಸಮಯದಲ್ಲಿ ಮೈಕ್ರೋಬಯಾಲಜಿಯಲ್ಲೋ ಫಿಸಿಯಾಲಜಿಯಲ್ಲೋ ಎ ತೆಗೆದರೆ ಬುನಾದಿ ಗಟ್ಟಿಯಿದೆ ಎಂಬುದೂ, ಈಗಲೂ ಓದಬಲ್ಲಿರಿ ಎಂಬುದೂ ಒಟ್ಟಿಗೆ ಸಾಬೀತಾಗುತ್ತದೆ.

ಒಂದು ಸಾಮಾನ್ಯ ದಾಖಲೆ ತೆಗೆದುಕೊಳ್ಳೋಣ. 2013ರಿಂದ 2016ರೊಳಗೆ ಮುಗಿದದ್ದು: ಬಯಾಲಜಿ ಎರಡೂ ಎ, ಜನರಲ್ ಕೆಮಿಸ್ಟ್ರಿ ಬಿ, ಆರ್ಗ್ಯಾನಿಕ್ ಒಂದನೆಯದು ಬಿ, ಎರಡನೆಯದು ಸಿ, ಫಿಸಿಕ್ಸ್ ಬಿ. ಬಯೋಕೆಮಿಸ್ಟ್ರಿ ಮಾಡಿಯೇ ಇಲ್ಲ. ಇಂಥವರಿಗೆ ನಮ್ಮ ಸಲಹೆ ಹೀಗೆ. ಮೊದಲ ಸೆಮಿಸ್ಟರಿನಲ್ಲಿ ಲ್ಯಾಬ್ ಇರುವ ಮೈಕ್ರೋಬಯಾಲಜಿ ಒಂದನ್ನೇ ತೆಗೆದುಕೊಳ್ಳಿ; ನೆನಪಿನ ಶಕ್ತಿ, ಸಮಯದ ಹೊಂದಾಣಿಕೆ ಎರಡಕ್ಕೂ ಅದು ಒಳ್ಳೆಯ ಶುರುವಾತು. ಅದೇ ಹೊತ್ತಿಗೆ ಮನೆಯಲ್ಲಿ ಆರ್ಗ್ಯಾನಿಕ್ ಪುಸ್ತಕ ತೆಗೆದು ಕಾರ್ಬಾನಿಲ್, ಅಮೀನ್ ಅಧ್ಯಾಯಗಳನ್ನು ತಿರುವಿ. ಎರಡನೆಯ ಸೆಮಿಸ್ಟರಿನಲ್ಲಿ ಬಯೋಕೆಮಿಸ್ಟ್ರಿ. ಮೂರನೆಯದರಲ್ಲಿ ಫಿಸಿಯಾಲಜಿ, ಆಗುವುದಾದರೆ ಜತೆಗೆ ಸೆಲ್ ಬಯಾಲಜಿ ಅಥವಾ ಇಮ್ಯುನಾಲಜಿ. ಆರ್ಗ್ಯಾನಿಕ್ ಎರಡನೆಯದನ್ನು ಮತ್ತೆ ಮಾಡುವುದು ನಿಮ್ಮ ಪಟ್ಟಿಯ ಸ್ಕೂಲುಗಳು ಗಡುವು ಹಾಕಿದ್ದರೆ ಮಾತ್ರ. ಬಯೋಕೆಮಿಸ್ಟ್ರಿಯಲ್ಲಿ ಎ ಬಂದರೆ ಆ ಹಳೆಯ ಸಿಯನ್ನು ಹೆಚ್ಚು ಜನ ಕೆದಕುವುದಿಲ್ಲ. ಫಿಸಿಕ್ಸ್ ಮುಟ್ಟಬೇಡಿ.

ಇದು ಹಳಿ ತಪ್ಪುವುದು ಎಲ್ಲಿ ಎಂದರೆ, ಪೂರ್ತಿ ಸಮಯದ ಕೆಲಸ ಇಟ್ಟುಕೊಂಡು ಮೊದಲ ಸೆಮಿಸ್ಟರಿನಲ್ಲೇ ಮೂರು ಸೈನ್ಸ್ ಕೋರ್ಸುಗಳಿಗೆ ಸೇರಿದಾಗ. ಮೂರರಲ್ಲೂ ಬಿ ಮೈನಸ್ ಬಂದರೆ, ಮರೆತುಹೋಗಬಹುದಾಗಿದ್ದ ಹಳೆಯ ಬಿಗಳಿಗಿಂತ ಹೊಸ ಬಿ ಮೈನಸ್‌ಗಳು ಕೆಟ್ಟದಾಗಿ ಕಾಣುತ್ತವೆ. ಅಂಥ ಸೂಚನೆ ಸಿಕ್ಕ ಕೂಡಲೇ ಕಾಲೇಜಿನ ಡ್ರಾಪ್ ಗಡುವಿನೊಳಗೆ ಒಂದನ್ನು ಬಿಟ್ಟುಬಿಡಿ.

ಇನ್ನು ಕಡ್ಡಾಯ ಗಡುವು ಇರುವ ಸ್ಕೂಲುಗಳ ಮಾತು. ಅಲ್ಲಿ ಮೇಲಿನ ಹಂತದ ಕೋರ್ಸು ಹಳೆಯದನ್ನು ಜೀವಂತಗೊಳಿಸುತ್ತದೆ ಎಂದು ತಾನಾಗಿ ಊಹಿಸಬೇಡಿ. ಕೆಲವರು ಒಪ್ಪುತ್ತಾರೆ, ಕೆಲವರು ‘ಬಯಾಲಜಿ ಎಂದರೆ ಬಯಾಲಜಿಯೇ ಬೇಕು’ ಅನ್ನುತ್ತಾರೆ. ಇಂಥ ಒಂದೇ ಒಂದು ಸ್ಕೂಲಿಗಾಗಿ 16 ಕ್ರೆಡಿಟ್ ಮತ್ತೆ ಮಾಡುವ ಬದಲು ಆ ಸ್ಕೂಲನ್ನು ಪಟ್ಟಿಯಿಂದ ತೆಗೆಯುವುದೇ ಜಾಣತನ, ಅದು ನಿಮ್ಮದೇ ರಾಜ್ಯದ ಸರ್ಕಾರಿ ಸ್ಕೂಲಲ್ಲದಿದ್ದರೆ. ರಾಜ್ಯದ ನಿವಾಸಿಗಳಿಗೆ ಸಿಗುವ ಸೀಟು ಮತ್ತು ಶುಲ್ಕದ ಅನುಕೂಲವನ್ನು ಬಿಟ್ಟುಕೊಡುವ ಮುನ್ನ ಎರಡು ಸಲ ಯೋಚಿಸಿ.

ಹಳೆಯ ಸಿ ಗ್ರೇಡ್ ಮತ್ತೆ ಮಾಡಿ ಎ ತೆಗೆದರೆ ಸಿ ಅಳಿಸಿ ಹೋಗುತ್ತಲ್ವಾ?

ನಿಮ್ಮ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅಳಿಸಿರಬಹುದು, ಆಡ್ಸಾಸ್‌ನಲ್ಲಿ ಅಳಿಸುವುದಿಲ್ಲ. ಎರಡೂ ಗ್ರೇಡುಗಳು ಜಿಪಿಎಗೆ ಸೇರುತ್ತವೆ.

ಲೆಕ್ಕ ನೋಡಿ. ಹಳೆಯ ಸೈನ್ಸ್ 50 ಕ್ರೆಡಿಟ್, ಜಿಪಿಎ 2.8 ಎಂದರೆ 140 ಅಂಕ. ಹೊಸದಾಗಿ 30 ಕ್ರೆಡಿಟ್ ಮಾಡಿ 3.9 ತೆಗೆದರೆ 117 ಅಂಕ. ಒಟ್ಟು 257 ಅಂಕವನ್ನು 80 ಕ್ರೆಡಿಟ್‌ನಿಂದ ಭಾಗಿಸಿದರೆ 3.21. ಎರಡು ವರ್ಷದ ದುಡಿಮೆಗೆ 0.41 ಏರಿಕೆ. ನಿರಾಸೆ ಅನಿಸಬಹುದು. ಆದರೆ ಆಡ್ಸಾಸ್ ಒಟ್ಟು ಸಂಖ್ಯೆಯ ಜತೆಗೆ ಹಂತವಾರು ಜಿಪಿಎಯನ್ನೂ, ಬಯಾಲಜಿ-ಕೆಮಿಸ್ಟ್ರಿ-ಫಿಸಿಕ್ಸ್ ಜಿಪಿಎಯನ್ನು ಪ್ರತ್ಯೇಕವಾಗಿಯೂ ತೋರಿಸುತ್ತದೆ. ಇತ್ತೀಚಿನ 30 ಕ್ರೆಡಿಟ್‌ನ 3.9 ಸಮಿತಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಡಿಎಟಿ ಸ್ಕೋರ್ ಚೆನ್ನಾಗಿದ್ದರೆ ಹಳೆಯ ಕೋರ್ಸು ಮಾಫಿನಾ?

ಡಿಎಟಿ ಎಂದರೆ ಡೆಂಟಲ್ ಸ್ಕೂಲಿನ ಪ್ರವೇಶ ಪರೀಕ್ಷೆ. ಗಡುವು ಬರೆದಿಟ್ಟಿರುವಲ್ಲಿ ಮಾಫಿ ಇಲ್ಲ. ಗಡುವಿಲ್ಲದ ಕಡೆ ಬಹಳ ಸಹಾಯ. ಡಿಎಟಿಯ ನ್ಯಾಚುರಲ್ ಸೈನ್ಸಸ್ ಭಾಗದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ: ಬಯಾಲಜಿ 40, ಜನರಲ್ ಕೆಮಿಸ್ಟ್ರಿ 30, ಆರ್ಗ್ಯಾನಿಕ್ 30. ಈ ಮೂರಕ್ಕೂ ಬೇರೆ ಬೇರೆ ಸ್ಕೋರು ಬರುವುದರಿಂದ, ‘2014ರ ಆರ್ಗ್ಯಾನಿಕ್ ಇನ್ನೂ ತಲೆಯಲ್ಲಿದೆ’ ಎಂದು ಹೇಳಲು ಇದಕ್ಕಿಂತ ನೇರವಾದ ಪುರಾವೆ ಇಲ್ಲ. ಫಿಸಿಕ್ಸ್ ಮತ್ತು ಬಯೋಕೆಮಿಸ್ಟ್ರಿಗೆ ಇದರಲ್ಲಿ ಪ್ರತ್ಯೇಕ ಭಾಗ ಇಲ್ಲ, ಆ ಎರಡಕ್ಕೆ ಡಿಎಟಿ ಸಾಕ್ಷಿ ಹೇಳಲಾರದು.

2025ರ ಮಾರ್ಚ್ 1ರಿಂದ ಸ್ಕೋರು 200ರಿಂದ 600ರವರೆಗಿನ ಹೊಸ ಅಳತೆಯಲ್ಲಿ ಬರುತ್ತಿದೆ. ‘20 ತೆಗೆದರೆ ಸಾಕು’ ಎಂಬ ಹಳೆಯ ಸಲಹೆಗಳು 1ರಿಂದ 30ರ ಅಳತೆಯ ಕಾಲದವು. ಡಿಎಟಿಗೂ ಆಯುಸ್ಸಿದೆ: ಹೆಚ್ಚಿನ ಸ್ಕೂಲುಗಳು ಎರಡು ಅಥವಾ ಮೂರು ವರ್ಷದೊಳಗಿನ ಸ್ಕೋರನ್ನಷ್ಟೇ ನೋಡುತ್ತವೆ. ಕೋರ್ಸು ಮುಗಿಸುವ ಮೊದಲೇ ಅವಸರದಲ್ಲಿ ಪರೀಕ್ಷೆ ಬರೆದು, ಅರ್ಜಿ ಹಾಕುವ ಹೊತ್ತಿಗೆ ಸ್ಕೋರಿನ ಅವಧಿ ಮುಗಿಸಿಕೊಂಡವರಿದ್ದಾರೆ.

ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದರೆ ಕೀಳಾಗಿ ನೋಡ್ತಾರಾ? ಆನ್‌ಲೈನ್ ಲ್ಯಾಬ್ ನಡೆಯುತ್ತಾ?

ಬಹಳಷ್ಟು ಸ್ಕೂಲುಗಳು ಕಮ್ಯುನಿಟಿ ಕಾಲೇಜಿನ ಕೋರ್ಸನ್ನು ಒಪ್ಪುತ್ತವೆ. ಕೆಲವು, ನಾಲ್ಕು ವರ್ಷದ ಕಾಲೇಜಿನದನ್ನು ಇಷ್ಟಪಡುತ್ತೇವೆ ಎನ್ನುತ್ತವೆ. ಡಿಗ್ರಿಯನ್ನು ಆಗಲೇ ವಿಶ್ವವಿದ್ಯಾಲಯದಲ್ಲಿ ಮುಗಿಸಿರುವವರು ಬಿಟ್ಟುಹೋದ ಒಂದೆರಡು ಕೋರ್ಸನ್ನು ಅಲ್ಲಿ ತುಂಬಿಕೊಂಡರೆ ತೊಂದರೆ ಕಡಿಮೆ. ಬಯೋಕೆಮಿಸ್ಟ್ರಿಯಂಥ ಮೇಲಿನ ಹಂತದ ಕೋರ್ಸುಗಳು ಹೆಚ್ಚಿನ ಕಮ್ಯುನಿಟಿ ಕಾಲೇಜುಗಳಲ್ಲಿ ಸಿಗುವುದಿಲ್ಲ, ಅದಕ್ಕೆ ವಿಶ್ವವಿದ್ಯಾಲಯಕ್ಕೇ ಹೋಗಬೇಕು.

ಆನ್‌ಲೈನ್ ಲ್ಯಾಬನ್ನು 2020ರ ವಸಂತದ ಸೆಮಿಸ್ಟರಿನಿಂದ ಕೋವಿಡ್ ಕಾರಣಕ್ಕೆ ಅನೇಕರು ಒಪ್ಪಿದ್ದರು. ಆ ಸಡಿಲಿಕೆ ಎಲ್ಲ ಕಡೆ ಉಳಿದಿಲ್ಲ. ಥಿಯರಿ ಆನ್‌ಲೈನ್, ಲ್ಯಾಬ್ ಕ್ಯಾಂಪಸ್ಸಿನಲ್ಲಿ ಎಂಬ ಜೋಡಣೆ ಸುರಕ್ಷಿತ.

ಬಯೋಕೆಮಿಸ್ಟ್ರಿಗೆ ಸೇರಲು ಹೋದರೆ ನಿಮ್ಮ ಆರ್ಗ್ಯಾನಿಕ್ ಹಳೆಯದು ಅಂತ ಕಾಲೇಜೇ ತಡೆಯಿತು. ಈಗೇನು?

ಡೆಂಟಲ್ ಸ್ಕೂಲಿನ ಗಡುವು ಬೇರೆ, ನೀವು ಈಗ ಓದಲು ಹೋಗುವ ಕಾಲೇಜಿನ ಗಡುವು ಬೇರೆ. ಕೆಲವು ಕೆಮಿಸ್ಟ್ರಿ ವಿಭಾಗಗಳು ಹಳೆಯ ಕೋರ್ಸಿನ ಮೇಲೆ ಮುಂದಿನದಕ್ಕೆ ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ರಿಜಿಸ್ಟ್ರೇಷನ್ ಕಂಪ್ಯೂಟರ್ ‘ಇಲ್ಲ’ ಎಂದಿತು ಎಂದು ವಾಪಸ್ ಬರಬೇಡಿ. ಹಳೆಯ ಟ್ರಾನ್ಸ್‌ಕ್ರಿಪ್ಟ್, ಸಿಕ್ಕರೆ ಆ ಕಾಲದ ಸಿಲಬಸ್ ಇಟ್ಟುಕೊಂಡು ಪಾಠ ಮಾಡುವ ಪ್ರೊಫೆಸರರಿಗೆ ಅಥವಾ ವಿಭಾಗದ ಅಡ್ವೈಸರಿಗೆ ಬರೆದು ವಿನಾಯಿತಿ ಕೇಳಿ. ಪ್ಲೇಸ್‌ಮೆಂಟ್ ಪರೀಕ್ಷೆ ಬರೆಯಿರಿ ಎನ್ನಬಹುದು. ಸೆಮಿಸ್ಟರ್ ಶುರುವಾಗುವ ಎರಡು ತಿಂಗಳ ಮುಂಚೆ ಈ ಕೆಲಸ ಆಗಬೇಕು.

ಇದರ ತದ್ವಿರುದ್ಧ ತೊಡಕೂ ಇದೆ. ಸಿ ಅಥವಾ ಮೇಲಿನ ಗ್ರೇಡಿನಲ್ಲಿ ಪಾಸಾದ ಕೋರ್ಸನ್ನು ಮತ್ತೆ ಮಾಡಲು ಅದೇ ಕಾಲೇಜು ಬಿಡದೇ ಇರಬಹುದು. ಬೇರೆ ಕಾಲೇಜಿನಲ್ಲಿ ಮಾಡುವುದು ದಾರಿ. ಸರ್ಕಾರಿ ವಿದ್ಯಾರ್ಥಿ ನೆರವಿನ ಮೇಲೆ ಓದುವವರಿಗೆ, ಪಾಸಾದ ಕೋರ್ಸನ್ನು ಮತ್ತೆ ಮಾಡಲು ಒಂದು ಸಲ ಮಾತ್ರ ಆ ಹಣ ಬಳಸಬಹುದು ಎಂಬ ಫೆಡರಲ್ ನಿಯಮವೂ ಇದೆ.

ಮಗಳಿಗೆ ಹೈಸ್ಕೂಲಿನ ಎಪಿ ಬಯಾಲಜಿಯಲ್ಲಿ 5 ಬಂದಿತ್ತು. ಆರು ವರ್ಷ ಆಯ್ತು. ಅದು ಲೆಕ್ಕಕ್ಕಿದೆಯಾ?

ಎಪಿ ಎಂದರೆ ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕೋರ್ಸು, 5 ಅದರ ಪರೀಕ್ಷೆಯ ಗರಿಷ್ಠ ಸ್ಕೋರು. ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದಕ್ಕೆ ಕ್ರೆಡಿಟ್ ಬಿದ್ದಿದ್ದರೆ ಕೆಲವು ಸ್ಕೂಲುಗಳು ಒಪ್ಪುತ್ತವೆ. ಕೆಲವು, ಅಷ್ಟೇ ಕ್ರೆಡಿಟ್‌ನ ಮೇಲಿನ ಹಂತದ ಬಯಾಲಜಿ ಮಾಡಿರಬೇಕು ಎನ್ನುತ್ತವೆ. ಇನ್ನು ಕೆಲವು ಒಪ್ಪುವುದೇ ಇಲ್ಲ. ಇಲ್ಲಿ ಹಳೆಯದಾದದ್ದಕ್ಕಿಂತ ಗ್ರೇಡ್ ಇಲ್ಲದಿರುವುದೇ ದೊಡ್ಡ ಕೊರತೆ.

ನಾನು ಡೆಂಟಲ್ ಹೈಜೀನಿಸ್ಟ್. ಹೈಜೀನ್ ಕೋರ್ಸಿಗೆ ಮಾಡಿದ ಕೆಮಿಸ್ಟ್ರಿ ಸಾಲದಾ?

ಸಾಮಾನ್ಯವಾಗಿ ಸಾಲದು, ಹೋದ ವರ್ಷ ಮಾಡಿದ್ದರೂ ಸಾಲದು. ಜನರಲ್, ಆರ್ಗ್ಯಾನಿಕ್, ಬಯೋಕೆಮಿಸ್ಟ್ರಿ ಮೂರನ್ನೂ ಒಂದೇ ಸೆಮಿಸ್ಟರಿನಲ್ಲಿ ತೇಲಿಸುವ, ಆರೋಗ್ಯ ಸಹಾಯಕ ಕೋರ್ಸುಗಳಿಗಾಗಿ ಇರುವ ಕೆಮಿಸ್ಟ್ರಿ ಅದು. ಡೆಂಟಲ್ ಸ್ಕೂಲಿಗೆ ಬೇಕಾದದ್ದು ಸೈನ್ಸ್ ಮೇಜರ್ ವಿದ್ಯಾರ್ಥಿಗಳು ಓದುವ ವರ್ಷಪೂರ್ತಿ ಸರಣಿ. ಹೈಜೀನ್‌ನಲ್ಲಿ ಮಾಡಿದ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಗಳ ಬಗ್ಗೆ ಸ್ಕೂಲಿನಲ್ಲಿ ವಿಚಾರಿಸಿ, ಅವಕ್ಕೆ ಬೆಲೆ ಸಿಗುವ ಸಾಧ್ಯತೆ ಹೆಚ್ಚು.

## ಅರ್ಜಿ ತುಂಬುವಾಗ

ಇಪ್ಪತ್ತು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ಎರಡು ಕೋರ್ಸು ಫೇಲ್ ಆಗಿದ್ದೆ. ಅದನ್ನು ಹಾಕದಿದ್ದರೆ ನಡೆಯುತ್ತಾ?

ನಡೆಯುವುದಿಲ್ಲ. ಓದಿದ ಪ್ರತಿ ಕಾಲೇಜನ್ನೂ, ಪ್ರತಿ ಕೋರ್ಸನ್ನೂ, ಮಧ್ಯದಲ್ಲಿ ಬಿಟ್ಟು ಡಬ್ಲ್ಯೂ ಬಂದದ್ದನ್ನೂ ನಮೂದಿಸಬೇಕು. ಪ್ರತಿ ಕಾಲೇಜಿನಿಂದಲೂ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ಆಡ್ಸಾಸ್‌ಗೆ ಹೋಗಬೇಕು. ಮುಚ್ಚಿಟ್ಟದ್ದು ಸೀಟು ಸಿಕ್ಕ ಮೇಲೆ ಹೊರಬಂದರೆ ಸೀಟೇ ಹೋಗುತ್ತದೆ. ಹಳೆಯ ಫೇಲ್‌ಗೆ ಅಷ್ಟು ದೊಡ್ಡ ಶಿಕ್ಷೆ ಯಾರೂ ಕೊಡುವುದಿಲ್ಲ.

ಕಾಲೇಜೇ ಮುಚ್ಚಿಹೋಗಿದ್ದರೆ ಆ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯಲ್ಲಿ ವಿಚಾರಿಸಿ, ದಾಖಲೆಗಳು ಯಾರ ವಶದಲ್ಲಿವೆ ಎಂದು ಅವರು ತಿಳಿಸುತ್ತಾರೆ. ಬಾಕಿ ಶುಲ್ಕ ಉಳಿಸಿಕೊಂಡು ಬಂದಿದ್ದ ಕಾಲೇಜು ಟ್ರಾನ್ಸ್‌ಕ್ರಿಪ್ಟನ್ನು ತಡೆಹಿಡಿದಿರುವುದು ಎಷ್ಟೋ ಜನಕ್ಕೆ ಜೂನ್‌ನಲ್ಲೇ ಗೊತ್ತಾಗುವುದು. ಫೆಬ್ರುವರಿಯಲ್ಲೇ ಒಂದು ಪ್ರತಿ ಮನೆಗೆ ತರಿಸಿ ನೋಡಿ.

ಹಳೆಯ ಪ್ರೊಫೆಸರುಗಳಿಗೆ ನನ್ನ ನೆನಪೇ ಇಲ್ಲ. ಶಿಫಾರಸು ಪತ್ರ ಯಾರ ಹತ್ತಿರ ಕೇಳೋದು?

ಕೋರ್ಸಿನ ವಯಸ್ಸಿಗಿಂತ ಇದೇ ದೊಡ್ಡ ಅಡ್ಡಿ ಎಂಬುದು ನಮ್ಮ ಅಭಿಪ್ರಾಯ. ಬಹಳಷ್ಟು ಸ್ಕೂಲುಗಳು ಇಬ್ಬರು ಸೈನ್ಸ್ ಅಧ್ಯಾಪಕರ ಪತ್ರ ಕೇಳುತ್ತವೆ. 2012ರಲ್ಲಿ 300 ಜನರ ತರಗತಿಯಲ್ಲಿ ಪಾಠ ಮಾಡಿದವರಿಂದ ಗ್ರೇಡ್ ಬಿಟ್ಟು ಬೇರೇನನ್ನೂ ಬರೆಸಲಾಗದು. ಹಾಗಾಗಿ ಗಡುವಿನ ಕಾರಣಕ್ಕೆ ಅಲ್ಲದಿದ್ದರೂ ಪತ್ರದ ಕಾರಣಕ್ಕೆ ಒಂದೆರಡು ಹೊಸ ಸೈನ್ಸ್ ಕೋರ್ಸು ಬೇಕಾಗುತ್ತದೆ. ಸೇರುವಾಗಲೇ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಡಿಮೆ ವಿದ್ಯಾರ್ಥಿಗಳಿರುವ, ಪ್ರೊಫೆಸರರೇ ಲ್ಯಾಬ್ ನಡೆಸುವ ತರಗತಿ ಆರಿಸಿ. ಆಫೀಸ್ ಅವರ್ಸ್‌ಗೆ ಹೋಗಿ. ಗ್ರೇಡ್ ಬಂದ ಎರಡು ವಾರದೊಳಗೆ ಪತ್ರ ಕೇಳಿಬಿಡಿ. ಆಡ್ಸಾಸ್‌ನಲ್ಲಿ ನಾಲ್ಕು ಪತ್ರಗಳಿಗೆ ಜಾಗವಿದೆ. ಇಬ್ಬರು ಅಧ್ಯಾಪಕರು, ನೀವು ಜತೆಗಿದ್ದು ಕೆಲಸ ನೋಡಿದ ಒಬ್ಬ ದಂತವೈದ್ಯರು, ನೌಕರಿಯ ಮೇಲಧಿಕಾರಿ: ವಯಸ್ಸಾದ ಅಭ್ಯರ್ಥಿಗೆ ಇದು ಒಳ್ಳೆಯ ಜೋಡಣೆ.

ಅರ್ಜಿ ಹಾಕುವ ಹೊತ್ತಿಗೆ ಹೊಸ ಕೋರ್ಸುಗಳೆಲ್ಲ ಮುಗಿದಿರಬೇಕಾ?

ಬೇಕಿಲ್ಲ. ನಡೆಯುತ್ತಿರುವುದನ್ನೂ, ಮುಂದೆ ಮಾಡಲಿರುವುದನ್ನೂ ಹಾಗೆಂದೇ ನಮೂದಿಸಬಹುದು. ಸಾಮಾನ್ಯವಾಗಿ ಸ್ಕೂಲು ಸೇರುವ ಮುಂಚೆ ಮುಗಿದರೆ ಸಾಕು. ಆದರೆ ‘ನಾನೀಗ ಚೆನ್ನಾಗಿ ಓದಬಲ್ಲೆ’ ಎಂಬುದೇ ನಿಮ್ಮ ವಾದವಾಗಿದ್ದು, ಅದಕ್ಕೆ ಸಾಕ್ಷಿಯಾದ ಗ್ರೇಡುಗಳೆಲ್ಲ ಇನ್ನೂ ಬರಬೇಕಿದ್ದರೆ ಆ ಅರ್ಜಿಯಲ್ಲಿ ಹುರುಳಿಲ್ಲ. ಕನಿಷ್ಠ ಎರಡು ಸೆಮಿಸ್ಟರಿನ ಹೊಸ ಗ್ರೇಡ್ ಕೈಯಲ್ಲಿ ಹಿಡಿದು ಅರ್ಜಿ ಹಾಕಿ. ಅರ್ಜಿ ತಲುಪಿ ಪರಿಶೀಲನೆ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ, ಸೀಟುಗಳೋ ಬಂದ ಅರ್ಜಿಗಳ ಮೇಲೆ ತುಂಬುತ್ತಾ ಹೋಗುತ್ತವೆ. ಹಾಗಾಗಿ ಸೆಪ್ಟೆಂಬರಿನ ಅರ್ಜಿಗಿಂತ ಮುಂದಿನ ವರ್ಷದ ಜೂನ್ ಅರ್ಜಿ ಎಷ್ಟೋ ವಾಸಿ.

ಟೆಕ್ಸಾಸ್‌ನಲ್ಲಿ ಹತ್ತು ವರ್ಷದ ಹಿಂದಿನ ಗ್ರೇಡುಗಳನ್ನು ತೆಗೆದುಹಾಕಬಹುದಂತೆ. ನಿಜವಾ?

ನಿಜ, ಆದರೆ ಪೂರ್ತಿ ಓದಿ. ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ಎಂಬುದು ಟೆಕ್ಸಾಸ್ ರಾಜ್ಯದ ಕಾನೂನು. ರಾಜ್ಯದ ನಿವಾಸಿಯೊಬ್ಬರು ಅಲ್ಲಿನ ಸರ್ಕಾರಿ ಕಾಲೇಜಿಗೆ ಸೇರುವಾಗ, ಹತ್ತು ವರ್ಷ ಅಥವಾ ಅದಕ್ಕಿಂತ ಹಿಂದಿನ ಓದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕೇಳಬಹುದು. ಅಲ್ಲಿನ ಸರ್ಕಾರಿ ಡೆಂಟಲ್ ಸ್ಕೂಲುಗಳ ಅರ್ಜಿ ವ್ಯವಸ್ಥೆಯಾದ ಟಿಎಂಡಿಎಸ್‌ಎಎಸ್ ಅದನ್ನು ಮಾನ್ಯ ಮಾಡುತ್ತದೆ.

ಷರತ್ತು ಏನೆಂದರೆ, ಹೋದರೆ ಎಲ್ಲವೂ ಹೋಗುತ್ತದೆ. ಕೆಟ್ಟ ಗ್ರೇಡು ತೆಗೆದು ಒಳ್ಳೆಯದನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಆ ಅವಧಿಯ ಕೋರ್ಸುಗಳನ್ನು ಪ್ರಿರಿಕ್ವಿಸಿಟ್‌ಗೂ ಬಳಸುವಂತಿಲ್ಲ, ಡಿಗ್ರಿಗೆ ಬೇಕಾದ ಕ್ರೆಡಿಟ್‌ಗೂ ಬಳಸುವಂತಿಲ್ಲ. ಹತ್ತು ವರ್ಷದ ಹಿಂದೆ ಒಂದೆರಡು ವರ್ಷ ಓದಿ, ಹಾಳುಮಾಡಿಕೊಂಡು ಬಿಟ್ಟುಬಂದವರಿಗೆ ಇದು ವರ. ಆಗ ಡಿಗ್ರಿ ಮುಗಿಸಿದ್ದವರಿಗೆ ಹೆಚ್ಚಾಗಿ ನಷ್ಟ. ಆಡ್ಸಾಸ್ ಮೂಲಕ ಬೇರೆ ರಾಜ್ಯಗಳಿಗೆ ಹಾಕುವ ಅರ್ಜಿಯಲ್ಲಿ ಆ ಗ್ರೇಡುಗಳು ಹಾಗೇ ಇರುತ್ತವೆ.

## ಕರ್ನಾಟಕದಲ್ಲಿ ಓದಿ ಬಂದವರಿಗೆ

ನಾನು 2010ರಲ್ಲಿ ಬಿಎಸ್‌ಸಿ ಸಿಬಿಝಡ್ ಮಾಡಿದ್ದೆ. ಎರಡು ವರ್ಷದ ಪಿಯುಸಿಯಲ್ಲಿ ಫಿಸಿಕ್ಸೂ ಇತ್ತು. ಎಲ್ಲಾ ಸೇರಿ ಸಾಕಾಗುತ್ತಾ?

ಪಿಯುಸಿಯನ್ನು ಮರೆತುಬಿಡಿ. ಅಮೆರಿಕದವರ ಲೆಕ್ಕದಲ್ಲಿ ಅದು ಹೈಸ್ಕೂಲು. ಸಿಬಿಝಡ್‌ನಲ್ಲಿ ಫಿಸಿಕ್ಸ್ ಇಲ್ಲ, ಹಾಗಾಗಿ ಫಿಸಿಕ್ಸ್ 8 ಕ್ರೆಡಿಟ್ ಹೊಸದಾಗಿ ಬೇಕು.

ಕೆಮಿಸ್ಟ್ರಿಯದು ಇನ್ನೂ ಸೂಕ್ಷ್ಮ. ನಮ್ಮ ಬಿಎಸ್‌ಸಿಯಲ್ಲಿ ಒಂದೊಂದು ಪತ್ರಿಕೆಯಲ್ಲೂ ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಮೂರೂ ಕಲಸಿಕೊಂಡಿರುವುದೇ ವಾಡಿಕೆ. ಮಾರ್ಕ್ಸ್ ಕಾರ್ಡಿನಲ್ಲಿ ಬರುವುದು ‘ಕೆಮಿಸ್ಟ್ರಿ ಪೇಪರ್ 1, 2, 3’ ಎಂದಷ್ಟೇ. ವಿದೇಶದ ಓದನ್ನು ಅಮೆರಿಕದ ಲೆಕ್ಕಕ್ಕೆ ತೂಗಿ ಕೊಡುವ ಮೌಲ್ಯಮಾಪನ ಸಂಸ್ಥೆಯವರು ಅದನ್ನೇ ಬರೆಯುತ್ತಾರೆ. ಡೆಂಟಲ್ ಸ್ಕೂಲಿನವರು ಹುಡುಕಿದರೆ ‘ಆರ್ಗ್ಯಾನಿಕ್ ಕೆಮಿಸ್ಟ್ರಿ, 8 ಕ್ರೆಡಿಟ್, ಲ್ಯಾಬ್ ಸಮೇತ’ ಎಂಬ ಸಾಲು ಎಲ್ಲೂ ಸಿಗುವುದಿಲ್ಲ. ಆ ವರ್ಷದ ಸಿಲಬಸ್ ಪ್ರತಿಯನ್ನು, ಪ್ರಾಕ್ಟಿಕಲ್ ಗಂಟೆಗಳು ಕಾಣುವಂತೆ, ಕಾಲೇಜಿನಿಂದ ಸಹಿ ಹಾಕಿಸಿ ತರಿಸಿಕೊಂಡರೆ ವಾದಿಸಲು ಆಧಾರವಾದರೂ ಇರುತ್ತದೆ.

ಆದರೆ ಮುಖ್ಯ ತೊಡಕು ವರ್ಷದ್ದಲ್ಲ, ದೇಶದ್ದು. ಬಹಳಷ್ಟು ಡೆಂಟಲ್ ಸ್ಕೂಲುಗಳು ಪ್ರಿರಿಕ್ವಿಸಿಟ್‌ಗಳನ್ನು ಅಮೆರಿಕ ಅಥವಾ ಕೆನಡಾದಲ್ಲೇ ಮಾಡಿರಬೇಕು ಎನ್ನುತ್ತವೆ, ಇಷ್ಟು ಕ್ರೆಡಿಟ್ ಅಲ್ಲಿಯದೇ ಆಗಿರಬೇಕು ಎಂದು ಮಿತಿ ಹಾಕುವವೂ ಇವೆ. ಡಬ್ಲ್ಯೂಇಎಸ್ ಅಥವಾ ಇಸಿಇಯಂಥ ಮೌಲ್ಯಮಾಪನ ಸಂಸ್ಥೆಯಿಂದ ಕೋರ್ಸುವಾರು ಮೌಲ್ಯಮಾಪನ ಮಾಡಿಸಿದರೂ ಆ ಅಂಕಗಳು ಆಡ್ಸಾಸ್ ಲೆಕ್ಕ ಹಾಕುವ ಜಿಪಿಎಗೆ ಸೇರುವುದಿಲ್ಲ. ಮೂರು ವರ್ಷದ ಬಿಎಸ್‌ಸಿಯನ್ನು ಪೂರ್ಣ ಡಿಗ್ರಿ ಎನ್ನಬೇಕೋ ಮೂರು ವರ್ಷದ ಓದು ಎನ್ನಬೇಕೋ ಎಂಬುದರಲ್ಲಿ ಮೌಲ್ಯಮಾಪನ ಸಂಸ್ಥೆಗಳೇ ಒಂದೇ ಮಾತಿನಲ್ಲಿಲ್ಲ. ಇಂಥ ಸ್ಥಿತಿಯಲ್ಲಿ ಹಳೆಯ ಕೋರ್ಸನ್ನು ಉಳಿಸಿಕೊಳ್ಳುವ ಹೋರಾಟ ಬಿಟ್ಟು, ಅಮೆರಿಕದಲ್ಲೇ ಎರಡು ವರ್ಷದಲ್ಲಿ ಪೂರ್ತಿ ಸರಣಿ ಮಾಡುವುದೇ ಬಹುಪಾಲು ಜನರಿಗೆ ಸರಿಯಾದ ದಾರಿ. ಮೇಲೆ ‘ಎಲ್ಲವನ್ನೂ ಮತ್ತೆ ಮಾಡಬೇಡಿ’ ಎಂದದ್ದು ಅಮೆರಿಕದಲ್ಲಿ ಓದಿದವರಿಗೆ.

ನಾನು ಬಿಡಿಎಸ್ ಮಾಡಿ ಹನ್ನೆರಡು ವರ್ಷ ಆಯ್ತು. ನನಗೂ ಇದೇ ನಿಯಮನಾ?

ನಿಮಗೆ ಬೇರೆ ಬಾಗಿಲಿದೆ. ವಿದೇಶದ ದಂತವೈದ್ಯರಿಗೆಂದೇ ಇರುವ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಕೋರ್ಸುಗಳು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದವು. ಅರ್ಜಿ ಹೋಗುವುದು ಹೆಚ್ಚಾಗಿ ಕ್ಯಾಪಿಡ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯ ಮೂಲಕ. ಅಲ್ಲಿ ಜನರಲ್ ಕೆಮಿಸ್ಟ್ರಿ, ಫಿಸಿಕ್ಸ್ ಯಾರೂ ಕೇಳುವುದಿಲ್ಲ. ಕೇಳುವುದು ಬಿಡಿಎಸ್‌ನ ಕೋರ್ಸುವಾರು ಮೌಲ್ಯಮಾಪನ, ಐಎನ್‌ಬಿಡಿಇ ಎಂಬ ಅಮೆರಿಕದ ದಂತವೈದ್ಯ ಪರೀಕ್ಷೆಯ ಪಾಸು, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ, ಆಮೇಲೆ ಹಲವು ಕಡೆ ಹಲ್ಲಿನ ಮಾದರಿಯ ಮೇಲೆ ಕೈಚಳಕದ ಬೆಂಚ್ ಟೆಸ್ಟ್. ಇಲ್ಲಿ ಹಳೆಯದಾಗುವುದು ಕೋರ್ಸಲ್ಲ, ಕೈ. ಹನ್ನೆರಡು ವರ್ಷದಲ್ಲಿ ಎಂಟು ವರ್ಷ ಪ್ರಾಕ್ಟೀಸ್ ಇಲ್ಲದಿದ್ದರೆ ಅದನ್ನು ಖಂಡಿತ ಕೇಳುತ್ತಾರೆ. ಟೋಫೆಲ್ ಸ್ಕೋರಿಗೆ ಎರಡೇ ವರ್ಷ ಆಯುಸ್ಸು.

ಬಿಡಿಎಸ್ ಇಟ್ಟುಕೊಂಡು ಸಾಮಾನ್ಯ ನಾಲ್ಕು ವರ್ಷದ ಡಿಡಿಎಸ್‌ಗೆ ಹಾಕುವವರಿಗೆ ಮಾತ್ರ ಈ ಪುಟದ ನಿಯಮಗಳೆಲ್ಲ ಅನ್ವಯ. ಬಿಡಿಎಸ್‌ನಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಇದ್ದರೂ ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್ ಇಲ್ಲ. ಅವನ್ನು ಪಿಯುಸಿಯಲ್ಲೇ ಮುಗಿಸಿದ್ದೀರಿ.

ಹಳೆಯ ಟ್ರಾನ್ಸ್‌ಕ್ರಿಪ್ಟ್ ತರಿಸುವಾಗ ಎಲ್ಲಿ ಎಡವುತ್ತಾರೆ?

ಮೊದಲನೆಯದು ವಿಶ್ವವಿದ್ಯಾಲಯ ಯಾವುದು ಎಂಬಲ್ಲೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದಕ್ಕೂ ಮುಂಚೆ ಪಾಸಾದ ಬಿಡಿಎಸ್‌ನವರು ಆಗ ತಮ್ಮ ಕಾಲೇಜು ಸೇರಿದ್ದ ಹಳೆಯ ವಿಶ್ವವಿದ್ಯಾಲಯಕ್ಕೇ ಹೋಗಬೇಕು. ಬಿಎಸ್‌ಸಿಯಲ್ಲೂ ಹಾಗೆ: ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾಯಿತು. ನಿಮ್ಮ ಕಾಲೇಜು ಈಗ ಯಾವುದಕ್ಕೆ ಸೇರಿದೆ ಎಂಬುದಕ್ಕಿಂತ, ನಿಮ್ಮ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾರ ಮುದ್ರೆ ಇದೆ ಎಂಬುದು ಮುಖ್ಯ.

ಎರಡನೆಯದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ‘ಲತಾ ಕೆ. ಎಸ್.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಮೂರೂ ಒಬ್ಬರೇ ಎಂಬುದಕ್ಕೆ ಅಫಿಡವಿಟ್ ಅಥವಾ ಮದುವೆ ಪ್ರಮಾಣಪತ್ರ ಜತೆಗಿಡಿ, ಅರ್ಜಿಯಲ್ಲಿ ‘ಬೇರೆ ಹೆಸರುಗಳು’ ಎಂಬ ಜಾಗದಲ್ಲಿ ಎಲ್ಲವನ್ನೂ ಬರೆಯಿರಿ.

ಮೂರನೆಯದು ಲಕೋಟೆ. ವಿಶ್ವವಿದ್ಯಾಲಯ ಮೊಹರು ಮಾಡಿದ ಲಕೋಟೆಯನ್ನು ಊರಿನಲ್ಲಿ ಅಪ್ಪ-ಅಮ್ಮ ‘ಸರಿಯಿದೆಯಾ ನೋಡೋಣ’ ಎಂದು ಒಡೆದರೆ ಅದು ಅಮಾನ್ಯ. ನಿಮಗೊಂದು, ಕಳಿಸಲು ಒಂದು ಎಂದು ಎರಡು ಪ್ರತಿಗೆ ಅರ್ಜಿ ಹಾಕಿ. ಓಡಾಡಲು ಊರಿನಲ್ಲಿ ಯಾರಾದರೂ ಇದ್ದರೂ ಮೂರು ತಿಂಗಳು ಸಮಯ ಇಟ್ಟುಕೊಳ್ಳಿ.

ನಾನು ಎಚ್-4 ವೀಸಾದಲ್ಲಿದ್ದೀನಿ. ಈಗ ಕೋರ್ಸು ಶುರು ಮಾಡಿದರೆ ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಅವೂ ಹಳೆಯದಾಗಲ್ವಾ?

ಆಗಬಹುದು, ಅದಕ್ಕೇ ಕ್ರಮ ಮುಖ್ಯ. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ, ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾಗದೆಯೇ ಕಾಲೇಜಿನಲ್ಲಿ ಓದಬಹುದು. ಕೆಲವು ಡೆಂಟಲ್ ಸ್ಕೂಲುಗಳು ಪೌರರನ್ನೂ ಗ್ರೀನ್ ಕಾರ್ಡ್ ಇರುವವರನ್ನೂ ಮಾತ್ರ ತೆಗೆದುಕೊಳ್ಳುತ್ತವೆ, ಉಳಿದವು ಬೇರೆ ವೀಸಾದವರನ್ನೂ ಪರಿಗಣಿಸುತ್ತವೆ. ಆದರೆ ಸರ್ಕಾರಿ ಶಿಕ್ಷಣ ಸಾಲ ನಿಮಗೆ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆಯೇ ಅರ್ಜಿ ಎಂದು ನಿರ್ಧರಿಸಿದ್ದು, ಅದು ಯಾವಾಗ ಬರುತ್ತದೆಂಬ ಖಾತ್ರಿ ಇಲ್ಲದಿದ್ದರೆ, ಬೇಗ ಬೆಲೆ ಕಳೆದುಕೊಳ್ಳದ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಫಿಸಿಕ್ಸ್, ಜನರಲ್ ಕೆಮಿಸ್ಟ್ರಿಯನ್ನು ಮೊದಲು ಮುಗಿಸಿ. ಬಯಾಲಜಿ ಮತ್ತು ಆರ್ಗ್ಯಾನಿಕ್ ಅದರ ನಂತರ. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಫಿಸಿಯಾಲಜಿ, ಡಿಎಟಿ ಮತ್ತು ಶಿಫಾರಸು ಪತ್ರಗಳನ್ನು ಅರ್ಜಿಗೆ ಒಂದೂವರೆ ವರ್ಷ ಉಳಿದಿದೆ ಅನ್ನುವಾಗ ಕೈಗೆತ್ತಿಕೊಳ್ಳಿ.